ಸಸ್ಯಶಾಸ್ತ್ರದ ಸವ್ಯಸಾಚಿ ಬಿ.ಜಿ.ಎಲ್. ಸ್ವಾಮಿ

ಬೆಂಗಳೂರಿನ ದಕ್ಷಿಣ ದಿಕ್ಕಿನಲ್ಲಿ ಇಂದು ಪದ್ಮನಾಭನಗರ, ಬನಶಂಕರಿ, ಜಯನಗರ ಮೊದಲಾದ ಬಡಾವಣೆಗಳು ಒಂದಕ್ಕೊಂದು ಅಂಟಿಕೊಂಡು ಬೆಳೆದಿವೆ. 20ನೆಯ ಶತಮಾನದ ಮೊದಲ ದಶಕಗಳಲ್ಲಿ ಇವಾವುವೂ ಇರಲಿಲ್ಲ. ಊರಿನ ಎಲ್ಲೆ ಬಹುಮಟ್ಟಿಗೆ ಬಸವನಗುಡಿಯೊಡನೆ ಮುಗಿಯುತ್ತಿದ್ದಿತು. ಅದರಾಚೆಗೆ ಹಳ್ಳಿಗಳು, ಹೊಲಗಳು, ತೋಪುಗಳು, ಕೆರೆಗಳು ಹರಡಿಕೊಂಡಿದ್ದುವು. ಇತ್ತ ಲಾಲ್‌ಬಾಗಿನ ತೋಟ, ಅತ್ತ ದೊಡ್ಡ ಬಸವನ ಗುಡ್ಡ. ಗಿಡಮರಗಳನ್ನು ನೋಡಬಯಸುವವನು ದೂರ ಹೋಗಬೇಕಾಗಿರಲಿಲ್ಲ. ಈ ಬಸವನಗುಡಿಯ ನಾಗಸಂದ್ರ ರಸ್ತೆಯಲ್ಲಿ ಕನ್ನಡದ ಹಿರಿಯ ಕವಿ ಡಿ.ವಿ. ಗುಂಡಪ್ಪನವರು ಬಹುಕಾಲ ನೆಲಸಿದ್ದರು. ಆ ರಸ್ತೆಯನ್ನು ಈಗ ಅವರ ಹೆಸರಿನಿಂದಲೇ ಕರೆಯುತ್ತಾರೆ. ಅವರ ಮಗನಾಗಿ ಹುಟ್ಟಿ, ಸಸ್ಯವಿಜ್ಞಾನದಲ್ಲಿ ದೇಶಾಂತರಗಳ ಮನ್ನಣೆಯನ್ನು ಪಡೆದು, ಕನ್ನಡ ಸಾಹಿತ್ಯದಲ್ಲಿಯೂ ಹೊಸದೊಂದು ದಾರಿಯನ್ನು ತೆರೆದವರು ಬಿ.ಜಿ.ಎಲ್. ಸ್ವಾಮಿಯವರು.

ಬೆಂಗಳೂರು ಗುಂಡಪ್ಪ ಲಕ್ಷ್ಮೀನಾರಾಯಣ ಸ್ವಾಮಿ ಎಂಬುದು ಅವರ ಪೂರ್ಣ ಹೆಸರು. ತಾಯಿ ಭಾಗೀರಥಮ್ಮನವರು ಮಕ್ಕಳು ಎಳೆಯರಾಗಿದ್ದಾಗಲೇ ತೀರಿಕೊಂಡರು. ಗುಂಡಪ್ಪನವರು ಮರುಮದುವೆಯಾಗಲಿಲ್ಲ. ಪತ್ರಿಕೆಯ ಕೆಲಸವನ್ನೂ ಬರೆಹವನ್ನೂ ನಂಬಿದ ಆ ಮನೆಯಲ್ಲಿ ಐಶ್ವರ್ಯವಿರಲಿಲ್ಲ. ಪುಸ್ತಕಗಳಿಗೂ ವಿದ್ವಾಂಸರಿಗೂ ಕೊರತೆಯಿರಲಿಲ್ಲ. ಕಾವ್ಯ, ಶಾಸ್ತ್ರ, ರಾಜಕಾರಣ, ಸಂಗೀತ ಎಲ್ಲವೂ ಅಲ್ಲಿ ಮಾತಿಗೆ ವಿಷಯವಾಗುತ್ತಿದ್ದುವು. ಇಂಥ ಮನೆಯ ಮಗ ಸಾಹಿತ್ಯವನ್ನು ಹಿಡಿದಿದ್ದರೆ ಯಾರಿಗೂ ಆಶ್ಚರ್ಯವಾಗುತ್ತಿರಲಿಲ್ಲ. ಸ್ವಾಮಿಯವರು ಆರಿಸಿಕೊಂಡದ್ದು ಸಸ್ಯಶಾಸ್ತ್ರವನ್ನು. ತಂದೆಯ ಮನೆಯಿಂದ ಬಂದ ಸಾಹಿತ್ಯದ ಒಲವನ್ನು ಅವರು ಅದಕ್ಕಾಗಿ ಬಿಟ್ಟುಕೊಡಲಿಲ್ಲ. ಒಂದು ವೃತ್ತಿಯಾಯಿತು, ಇನ್ನೊಂದು ಹವ್ಯಾಸವಾಯಿತು. ಈ ಎರಡನ್ನೂ ಒಂದೇ ಬಾಳಿನಲ್ಲಿ ಹೇಗೆ ಹೊಂದಿಸಿಕೊಂಡರೆಂಬುದು ಅವರ ಜೀವನದಲ್ಲಿ ಗಮನಿಸಬೇಕಾದ ಮುಖ್ಯ ಸಂಗತಿ.

ಮೈಸೂರು ವಿಶ್ವವಿದ್ಯಾನಿಲಯಕ್ಕೆ ಸೇರಿದ್ದ ಬೆಂಗಳೂರಿನ ಸೆಂಟ್ರಲ್ ಕಾಲೇಜು ಅವರ ವ್ಯಾಸಂಗಕ್ಕೂ ಆರಂಭದ ಸಂಶೋಧನೆಗೂ ನೆಲೆಯಾಯಿತು. 1940ರ ದಶಕದ ಮೊದಲಿನಿಂದಲೇ ಅವರ ಸಂಶೋಧನ ಲೇಖನಗಳು ವಿಜ್ಞಾನ ಪತ್ರಿಕೆಗಳಲ್ಲಿ ಪ್ರಕಟವಾಗತೊಡಗಿದವು. ಮುಂದೆ ಅದೇ ವಿಶ್ವವಿದ್ಯಾನಿಲಯದಿಂದ ಅವರು ಡಿ.ಎಸ್ಸಿ. ಪದವಿಯನ್ನು ಪಡೆದರು. ಆ ಕಾಲದಲ್ಲಿ ಅವರ ಮನಸ್ಸನ್ನು ಸೆಳೆದುದು ಆರ್ಕಿಡ್ ಎಂಬ ಸಸ್ಯವರ್ಗ. ಮಲೆನಾಡಿನವರು ಸೀತಾಳೆ ಎಂದು ಕರೆಯುವ, ಮರದ ಕೊಂಬೆಗಳ ಮೇಲೆ ನೆಲಸಿ ಸೊಗಸಾದ ಹೂಗಳನ್ನು ಬಿಡುವ ಗಿಡಗಳು ಈ ವರ್ಗಕ್ಕೆ ಸೇರಿದುವು. ನೋಡುವವರಿಗೆ ಅವುಗಳ ಹೂವು ಅಲಂಕಾರ. ಸಂಶೋಧಕನಿಗೆ ಅದು ಬಲು ತೊಡಕಿನ ಒಗಟು.

ಆ ತೊಡಕು ಎಂಥದೆಂಬುದನ್ನು ತಿಳಿದರೆ ಸ್ವಾಮಿಯವರ ಪ್ರಯೋಗಶಾಲೆಯ ದುಡಿಮೆಯ ಸ್ವರೂಪವೂ ತಿಳಿಯುತ್ತದೆ. ಸಾಮಾನ್ಯವಾಗಿ ಹೂವರಳಿ ಪರಾಗ ಬೀಳುವ ವೇಳೆಗೆ ಅಂಡಾಶಯದೊಳಗಿನ ಅಂಡಕಗಳು ಸಿದ್ಧವಾಗಿರುತ್ತವೆ. ಅನೇಕ ಆರ್ಕಿಡ್‌ಗಳಲ್ಲಿ ಹಾಗಲ್ಲ. ಪರಾಗಸ್ಪರ್ಶವಾದ ಮೇಲೆಯೇ ಅಂಡಕಗಳು ಬೆಳೆಯತೊಡಗುತ್ತವೆ. ನಿಷೇಚನಕ್ಕೆ ವಾರಗಳು, ಕೆಲವು ಜಾತಿಗಳಲ್ಲಿ ತಿಂಗಳುಗಳು ಹಿಡಿಯುತ್ತವೆ. ಆದುದರಿಂದ ಈ ಬೆಳೆವಣಿಗೆಯನ್ನು ಅರಿಯಬೇಕೆನ್ನುವವನು ದಿನದಿನವೂ ಕಾಯ್ದು, ಬೇರೆ ಬೇರೆ ವಯಸ್ಸಿನ ಕಾಯಿಗಳನ್ನು ಸಂಗ್ರಹಿಸಬೇಕು. ಅವು ಕೆಡದಂತೆ ದ್ರಾವಣದಲ್ಲಿ ಇಡಬೇಕು. ಮೇಣದಲ್ಲಿ ಹುದುಗಿಸಿ, ಮೈಕ್ರೊಟೋಮ್ ಎಂಬ ಯಂತ್ರದಿಂದ ಕೂದಲೆಳೆಗಿಂತ ತೆಳುವಾದ ಸೀಳುಗಳಾಗಿ ಕತ್ತರಿಸಬೇಕು. ಬಣ್ಣ ಕಟ್ಟಿ, ಸೂಕ್ಷ್ಮದರ್ಶಕದ ಕೆಳಗೆ ಒಂದೊಂದನ್ನೇ ಪರೀಕ್ಷಿಸಬೇಕು. ಒಂದು ಹಂತ ತಪ್ಪಿದರೆ ಮುಂದಿನ ಹೂವಿನ ಕಾಲದವರೆಗೆ ಕಾಯುವುದೇ ಗತಿ. ಒಂದು ಕಾಯಿಯೊಳಗೆ ಸಾವಿರಾರು, ಕೆಲವೊಮ್ಮೆ ಲಕ್ಷಾಂತರ ಬೀಜಗಳಿದ್ದರೂ ಅವು ಧೂಳಿನಷ್ಟು ಸಣ್ಣವು. ಅವುಗಳಲ್ಲಿ ಮೊಳಕೆಗೆ ಬೇಕಾದ ಆಹಾರದ ಸಂಗ್ರಹವೂ ಇರುವುದಿಲ್ಲ. ಈ ಸಸ್ಯಗಳ ಭ್ರೂಣವು ಬೆಳೆಯುವ ಬಗೆಯನ್ನು ಕುರಿತು ಸ್ವಾಮಿಯವರು ನಡೆಸಿದ ಅಧ್ಯಯನ 1949ರಲ್ಲಿ ಅಮೆರಿಕದ ಪತ್ರಿಕೆಯೊಂದರಲ್ಲಿ ವಿಸ್ತಾರವಾಗಿ ಪ್ರಕಟವಾಯಿತು.

ಅದೇ ಸುಮಾರಿಗೆ ಸ್ವಾಮಿಯವರು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ಇರ್ವಿಂಗ್ ಬೈಲಿ ಎಂಬ ಪ್ರಸಿದ್ಧ ವಿಜ್ಞಾನಿಯೊಡನೆ ಕೆಲಸ ಮಾಡಿದರು. ಮರದ ಒಳರಚನೆಯನ್ನು ಅರಿತವರಲ್ಲಿ ಬೈಲಿಯವರು ಅಗ್ರಗಣ್ಯರು. ಹೂಬಿಡುವ ಸಸ್ಯಗಳ ಕಾಂಡದಲ್ಲಿ ನೀರನ್ನು ಮೇಲಕ್ಕೆ ಒಯ್ಯುವ ನಾಳಗಳಿರುತ್ತವೆ. ಜೀವಕೋಶಗಳು ಒಂದರ ಮೇಲೊಂದು ನಿಂತು, ನಡುವಣ ಅಡ್ಡಗೋಡೆಗಳು ಕರಗಿ, ಕೊಳವೆಯಂತಾದ ರಚನೆಗಳೇ ಈ ನಾಳಗಳು. ಪೈನ್ ಮೊದಲಾದ ಮರಗಳಲ್ಲಿ ಇವು ಇರುವುದಿಲ್ಲ. ಹೂಬಿಟ್ಟೂ ನಾಳಗಳಿಲ್ಲದ ಸಸ್ಯ ದೊರೆತರೆ, ಹೂವಿನ ಸಸ್ಯಗಳ ಮೂಲವನ್ನು ಹುಡುಕುವವರಿಗೆ ಅದೊಂದು ಸುಳಿವಾಗುತ್ತದೆ. ಸಾರ್ಕಾಂಡ್ರ ಎಂಬ ಸಸ್ಯದ ಕಾಂಡದಲ್ಲಿ ನಾಳಗಳಿಲ್ಲವೆಂಬುದನ್ನು ಸ್ವಾಮಿ ಮತ್ತು ಬೈಲಿಯವರು 1950ರಲ್ಲಿ ಪ್ರಕಟಿಸಿದರು. ಮೂರು ವರ್ಷಗಳ ತರುವಾಯ ದಕ್ಷಿಣ ಭಾರತದಿಂದ ಅದೇ ಕುಲದ ಹೊಸ ಜಾತಿಯೊಂದನ್ನು ವರ್ಣಿಸಿದಾಗ, ಸ್ವಾಮಿಯವರು ಅದಕ್ಕೆ ತಮ್ಮ ಗುರುವಿನ ಹೆಸರನ್ನೇ ಇಟ್ಟು ಸಾರ್ಕಾಂಡ್ರ ಇರ್ವಿಂಗ್‌ಬೈಲಿಯೈ ಎಂದು ಕರೆದರು. ಸಸ್ಯಶಾಸ್ತ್ರಜ್ಞನು ಸಲ್ಲಿಸಬಹುದಾದ ಗುರುದಕ್ಷಿಣೆ ಇದಕ್ಕಿಂತ ಉಚಿತವಾಗಿರಲಾರದು.

ಇವರಿಬ್ಬರು 1951ರಲ್ಲಿ ಹೂವಿನ ಅಂಡಕೋಶವನ್ನು ಕುರಿತು ಪ್ರಕಟಿಸಿದ ಲೇಖನವೂ ಹೆಸರಾಯಿತು. ಅವರೆಯ ಕಾಯೊಂದನ್ನು ಕೈಯಲ್ಲಿ ಹಿಡಿದು ನೋಡಿದರೆ ಅದರ ತಾತ್ಪರ್ಯವನ್ನು ಊಹಿಸಬಹುದು. ಎಲೆಯೊಂದನ್ನು ನಡುನರದ ಉದ್ದಕ್ಕೆ ಮಡಿಸಿ, ಅಂಚುಗಳನ್ನು ಕೂಡಿಸಿದಂತೆ ಆ ಕಾಯಿ ಕಾಣುತ್ತದೆ. ಹೀಗೆ ಮಡಿಸಿದ ಎಲೆಯಂಥ ರಚನೆಯಿಂದಲೇ ಅಂಡಕೋಶ ವಿಕಾಸಗೊಂಡಿರಬೇಕೆಂದು ಅವರು ಪುರಾತನ ಲಕ್ಷಣಗಳುಳ್ಳ ಸಸ್ಯಗಳ ಆಧಾರದಿಂದ ವಾದಿಸಿದರು. ಬಹುಕಾಲ ಈ ವಿಚಾರ ಪಠ್ಯಗ್ರಂಥಗಳಲ್ಲಿ ನೆಲೆನಿಂತಿತು.

1953ರಲ್ಲಿ ಸ್ವಾಮಿಯವರು ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನ ಸಸ್ಯಶಾಸ್ತ್ರ ಪ್ರಾಧ್ಯಾಪಕರಾದರು. ಕಾಲಕ್ರಮದಲ್ಲಿ ಅದರ ಪ್ರಾಂಶುಪಾಲರೂ ಆದರು. ಮರೀನಾ ಕಡಲತೀರಕ್ಕೆ ಮುಖಮಾಡಿ ನಿಂತ ಆ ಹಳೆಯ ವಿದ್ಯಾಸಂಸ್ಥೆಯಲ್ಲಿ ಅವರ ಬಾಳಿನ ಬಹುಭಾಗ ಕಳೆಯಿತು. ತರಗತಿಯ ಪಾಠ, ಪ್ರಯೋಗಶಾಲೆ, ಸಂಶೋಧನ ವಿದ್ಯಾರ್ಥಿಗಳ ಮಾರ್ಗದರ್ಶನ, ಆಡಳಿತದ ಕಾಗದಪತ್ರ ಇವಿಷ್ಟೇ ಒಬ್ಬ ಮನುಷ್ಯನ ದಿನವನ್ನು ತುಂಬಲು ಸಾಕು. ವಿಜ್ಞಾನವೆಂಬುದು ಬೇರೆ ಪ್ರೀತಿಗಳನ್ನು ಸಹಿಸದ ಒಡತಿಯೆಂದು ಭಾವಿಸುವವರು ಬಹುಮಂದಿ. ಹವ್ಯಾಸಕ್ಕೆ ಕೊಟ್ಟ ಒಂದೊಂದು ಗಂಟೆಯೂ ಪ್ರಯೋಗಶಾಲೆಯಿಂದ ಕದ್ದ ಗಂಟೆಯೆಂದು ಅವರ ಎಣಿಕೆ. ಸ್ವಾಮಿಯವರ ಬಾಳು ಈ ಎಣಿಕೆಯನ್ನು ಸುಳ್ಳುಮಾಡಿತು. ಅವರ ಹವ್ಯಾಸಗಳು ಮುಖ್ಯವಾಗಿ ಮೂರು: ಚಿತ್ರ ಬರೆಯುವುದು, ಕನ್ನಡದಲ್ಲಿ ಬರೆಯುವುದು, ಶಾಸನ ಮತ್ತು ಇತಿಹಾಸಗಳನ್ನು ಶೋಧಿಸುವುದು.

ಇವುಗಳಲ್ಲಿ ಚಿತ್ರಕಲೆ ಪ್ರಯೋಗಶಾಲೆಗೆ ತೀರ ಹತ್ತಿರವಾದುದು. ಸೂಕ್ಷ್ಮದರ್ಶಕದಲ್ಲಿ ಕಂಡುದನ್ನು ಗೆರೆಗಳಲ್ಲಿ ಮೂಡಿಸುವುದು ಭ್ರೂಣಶಾಸ್ತ್ರಜ್ಞನ ದಿನನಿತ್ಯದ ಕೆಲಸ. ಕೋಶದ ಗೋಡೆ ಎಲ್ಲಿ ಮುಗಿಯಿತು, ಕೋಶಕೇಂದ್ರ ಯಾವ ಬದಿಗೆ ಸರಿಯಿತು ಎಂಬುದನ್ನು ಅಂದಾಜಿನಿಂದ ಬರೆಯುವಂತಿಲ್ಲ. ಕಣ್ಣು ಕಂಡುದನ್ನು ಮಾತ್ರ ಕೈ ಬರೆಯಬೇಕು. ಚೆಂದಕ್ಕಾಗಿ ಒಂದು ಗೆರೆಯನ್ನೂ ಕೂಡಿಸಲಾಗದು. ಹೀಗೆ ಪಳಗಿದ ಕೈಯಿಂದಲೇ ಅವರು ತಮ್ಮ ಕನ್ನಡ ಪುಸ್ತಕಗಳಿಗೂ ಚಿತ್ರಗಳನ್ನು ಬರೆದುಕೊಂಡರು. ಗಿಡದ ರೆಂಬೆ, ಎಲೆಯ ಅಂಚು, ಹೂವಿನ ಎಸಳು, ಕಾಯಿಯ ಬಿರುಕು ಎಲ್ಲವೂ ಅಲ್ಲಿ ಕೆಲವೇ ಗೆರೆಗಳಲ್ಲಿ ಸ್ಪಷ್ಟವಾಗಿ ನಿಲ್ಲುತ್ತವೆ. ಆ ಚಿತ್ರವನ್ನು ನೋಡಿದ ಓದುಗನು ಕಾಡಿನಲ್ಲಿ ಆ ಗಿಡವನ್ನು ಗುರುತಿಸಬಲ್ಲನು.

ಪ್ರಾಧ್ಯಾಪಕರಾಗಿ ಅವರು ವಿದ್ಯಾರ್ಥಿಗಳನ್ನು ಸಸ್ಯಸಂಗ್ರಹಕ್ಕಾಗಿ ಸಹ್ಯಾದ್ರಿಯ ಕಾಡುಗಳಿಗೆ ಕರೆದೊಯ್ಯುತ್ತಿದ್ದರು. ಸಸ್ಯಶಾಸ್ತ್ರದ ವಿದ್ಯಾರ್ಥಿಗೆ ಇಂಥ ಪ್ರವಾಸ ವಿಹಾರವಲ್ಲ. ಕಂಡ ಗಿಡದ ಹೂವು, ಎಲೆ, ಕಾಯಿಗಳನ್ನು ಬಿಡಿಸಿ ತರಬೇಕು, ಕಾಗದದ ನಡುವೆ ಒತ್ತಿ ಒಣಗಿಸಬೇಕು, ದೊರೆತ ಸ್ಥಳವನ್ನೂ ದಿನವನ್ನೂ ಬರೆದಿಡಬೇಕು, ಕುಲ ಜಾತಿಗಳನ್ನು ನಿರ್ಧರಿಸಬೇಕು. ಮಳೆ, ಜಿಗಣೆ, ಜಾರುವ ದಾರಿ, ಹಸಿವು ಇವುಗಳ ನಡುವೆಯೇ ಈ ಪಾಠ ನಡೆಯುತ್ತದೆ. ಈ ಪ್ರವಾಸಗಳ ಅನುಭವವೇ ‘ಹಸುರು ಹೊನ್ನು’ ಎಂಬ ಕೃತಿಯಾಗಿ 1976ರಲ್ಲಿ ಹೊರಬಂದಿತು.

‘ಹಸುರು ಹೊನ್ನು’ ಕನ್ನಡದಲ್ಲಿ ಒಂದು ಅಪೂರ್ವ ಗ್ರಂಥ. ಅದನ್ನು ಪ್ರವಾಸ ಕಥನವೆನ್ನಬಹುದು, ಸಸ್ಯಶಾಸ್ತ್ರದ ಪರಿಚಯವೆನ್ನಬಹುದು, ಹಾಸ್ಯ ಸಾಹಿತ್ಯವೆಂದರೂ ತಪ್ಪಾಗದು. ವಿದ್ಯಾರ್ಥಿಗಳ ಚೇಷ್ಟೆ, ಅಧ್ಯಾಪಕರ ಪೇಚಾಟ, ಕಾಡಿನ ದಾರಿಯ ತೊಂದರೆಗಳು ಓದುಗನನ್ನು ನಗಿಸುತ್ತವೆ. ನಗುತ್ತ ನಗುತ್ತಲೇ ಅವನಿಗೆ ಗಿಡವೊಂದರ ಪರಿಚಯವಾಗಿಬಿಡುತ್ತದೆ. ಅದರ ಶಾಸ್ತ್ರೀಯ ನಾಮ, ಜನರು ಕರೆಯುವ ಹೆಸರು, ಗುರುತಿಸುವ ಲಕ್ಷಣ, ಉಪಯೋಗ, ಕಾವ್ಯದಲ್ಲಿ ಅದು ಪಡೆದ ಸ್ಥಾನ ಎಲ್ಲವೂ ಸಹಜವಾಗಿ ಬರುತ್ತವೆ. ಹಾಸ್ಯಕ್ಕಾಗಿ ಶಾಸ್ತ್ರವನ್ನು ಸಡಿಲಗೊಳಿಸಿದ ಜಾಗ ಅದರಲ್ಲಿ ಇಲ್ಲ. ಶಾಸ್ತ್ರದ ಭಾರದಿಂದ ಕಥನ ಕುಂಟಿದ ಜಾಗವೂ ಇಲ್ಲ. 1978ರಲ್ಲಿ ಈ ಕೃತಿಗೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ದೊರೆಯಿತು. ಅವರ ತಂದೆಯವರಿಗೆ ಅದೇ ಅಕಾಡೆಮಿಯ ಪ್ರಶಸ್ತಿ 1967ರಲ್ಲಿ ಬಂದಿದ್ದಿತು. ತಂದೆಗೆ ಭಗವದ್ಗೀತೆಯನ್ನು ಕುರಿತ ಗ್ರಂಥಕ್ಕೆ, ಮಗನಿಗೆ ಕಾಡಿನ ಗಿಡಗಳನ್ನು ಕುರಿತ ಗ್ರಂಥಕ್ಕೆ ಒಂದೇ ಮನ್ನಣೆ ಸಂದುದು ಕನ್ನಡದ ಭಾಗ್ಯವೆನ್ನಬೇಕು.

ಕಾಲೇಜಿನ ಜೀವನವೂ ಅವರ ಲೇಖನಿಗೆ ವಸ್ತುವಾಯಿತು. ‘ಕಾಲೇಜುರಂಗ’, ‘ಕಾಲೇಜುತರಂಗ’, ‘ಪ್ರಾಧ್ಯಾಪಕನ ಪೀಠದಲ್ಲಿ’ ಮೊದಲಾದ ಪುಸ್ತಕಗಳಲ್ಲಿ ವಿದ್ಯಾಸಂಸ್ಥೆಗಳ ಒಳಗಿನ ಹುಳುಕು, ಅಧಿಕಾರದ ಆಸೆ, ವಿದ್ಯೆಯ ಹೆಸರಿನಲ್ಲಿ ನಡೆಯುವ ಆಡಂಬರ ಇವು ವಿಡಂಬನೆಗೆ ಗುರಿಯಾಗಿವೆ. ‘ಕಾಲೇಜುರಂಗ’ವನ್ನು ಆಧರಿಸಿ ಪುಟ್ಟಣ್ಣ ಕಣಗಾಲರು ನಿರ್ದೇಶಿಸಿದ ಚಲನಚಿತ್ರ 1976ರಲ್ಲಿ ತೆರೆಕಂಡಿತು. ‘ಅಮೆರಿಕದಲ್ಲಿ ನಾನು’, ‘ತಮಿಳು ತಲೆಗಳ ನಡುವೆ’ ಎಂಬ ಕೃತಿಗಳಲ್ಲಿ ತಾವು ಬಾಳಿದ ಪರಸ್ಥಳಗಳ ಅನುಭವವಿದೆ. ‘ಪಂಚಕಲಶ ಗೋಪುರ’ದಲ್ಲಿ ಹಿರಿಯರ ಸ್ಮರಣೆಯಿದೆ. ಪ್ರಯೋಗಶಾಲೆಯ ಲೇಖನದಲ್ಲಿ ಬರೆದವನ ಇಷ್ಟಾನಿಷ್ಟಗಳಿಗೆ ಎಡೆಯಿಲ್ಲ. ಅಲ್ಲಿ ಅಡಗಿಸಿಟ್ಟ ನಗೆಗೂ ಸಿಟ್ಟಿಗೂ ಕನ್ನಡದ ಬರೆಹ ಅವರಿಗೆ ಒಂದು ತೆರಪನ್ನು ಒದಗಿಸಿತೆಂದು ತೋರುತ್ತದೆ.

ಸಸ್ಯಶಾಸ್ತ್ರವನ್ನು ಅಡುಗೆಮನೆಯವರೆಗೂ ತಂದುದು ಅವರ ಇನ್ನೊಂದು ಸಾಧನೆ. ‘ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕ’ ಎಂಬ ಪುಸ್ತಕದ ಹೆಸರೇ ಓದುಗನನ್ನು ತಡೆದು ನಿಲ್ಲಿಸುತ್ತದೆ. ಆಲೂಗೆಡ್ಡೆ, ಗೋಡಂಬಿ, ಮರಗೆಣಸು, ಅನಾನಸು ಮುಂತಾದುವು ನಮ್ಮ ನೆಲದಲ್ಲಿ ಆದಿಯಿಂದಲೂ ಇದ್ದವೆಂದು ತಿಳಿದವರಿದ್ದಾರೆ. ಕೊಲಂಬಸನು 1492ರಲ್ಲಿ ಅಟ್ಲಾಂಟಿಕ್ ಸಾಗರವನ್ನು ದಾಟಿದ ಮೇಲೆ, ಹೊಸ ಖಂಡದಿಂದ ಯೂರೋಪಿನ ನಾವಿಕರ ಮೂಲಕ ಇವು ಈ ದೇಶಕ್ಕೆ ಬಂದುವು. ಮೆಣಸಿನಕಾಯಿಯ ತವರೂ ಆ ಹೊಸ ಖಂಡವೇ. ಬಸವನಗುಡಿಯ ದೊಡ್ಡ ಬಸವನ ಸನ್ನಿಧಿಯಲ್ಲಿ ಕಾರ್ತಿಕ ಮಾಸದ ಕೊನೆಯ ಸೋಮವಾರ ನಡೆಯುವ ಪರಿಷೆಯಲ್ಲಿ ರಾಶಿ ರಾಶಿಯಾಗಿ ಮಾರಾಟವಾಗುವ ಕಡಲೆಕಾಯಿಯೂ ದಕ್ಷಿಣ ಅಮೆರಿಕದ ಮೂಲದ್ದೇ. ನಿತ್ಯ ಉಣ್ಣುವ ಅನ್ನದ ತಟ್ಟೆಯಲ್ಲಿಯೇ ಜಗತ್ತಿನ ಇತಿಹಾಸ ಅಡಗಿದೆಯೆಂಬುದನ್ನು ಸ್ವಾಮಿಯವರು ಹೀಗೆ ಜನಸಾಮಾನ್ಯರಿಗೆ ತಿಳಿಸಿಕೊಟ್ಟರು. ‘ಫಲಶ್ರುತಿ’, ‘ಸಸ್ಯಪುರಾಣ’, ‘ಸಾಕ್ಷಾತ್ಕಾರದ ದಾರಿಯಲ್ಲಿ’ ಎಂಬ ಕೃತಿಗಳೂ ಸಸ್ಯಲೋಕದ ಕಥೆಯನ್ನು ಕನ್ನಡದಲ್ಲಿ ಹೇಳುತ್ತವೆ.

ಮೂರನೆಯ ಹವ್ಯಾಸವಾದ ಇತಿಹಾಸ ಶೋಧನೆ ಸ್ವಾಮಿಯವರನ್ನು ಹೆಚ್ಚು ಕಠಿಣವಾದ ದಾರಿಗೆ ಎಳೆಯಿತು. ಕನ್ನಡ ನಾಡಿನ ಶಾಸನಗಳಲ್ಲಿ ದಾನಕೊಟ್ಟ ಭೂಮಿಯ ಎಲ್ಲೆಯನ್ನು ಹೇಳುವಾಗ ಮರಗಳ ಹೆಸರುಗಳು ಬರುವುದುಂಟು. ಇತಿಹಾಸಕಾರನು ರಾಜನ ಹೆಸರನ್ನೂ ಕಾಲವನ್ನೂ ಹುಡುಕುತ್ತ ಅವುಗಳನ್ನು ದಾಟಿ ಹೋಗುತ್ತಾನೆ. ಸ್ವಾಮಿಯವರು ಆ ಮರಗಳ ಬಳಿಯೇ ನಿಂತರು. ಯಾವ ಕಾಲದಲ್ಲಿ ಯಾವ ಗಿಡಮರಗಳು ಈ ನಾಡಿನಲ್ಲಿ ಇದ್ದುವು, ಜನರು ಅವುಗಳನ್ನು ಏನೆಂದು ಕರೆದರು ಎಂಬ ವಿಷಯಗಳನ್ನು ಕೂಡಿಸಿ ‘ಶಾಸನಗಳಲ್ಲಿ ಗಿಡಮರಗಳು’ ಎಂಬ ಗ್ರಂಥವನ್ನು ರಚಿಸಿದರು. ಕಲ್ಲಿನ ಬರೆಹವನ್ನು ಓದಲು ಲಿಪಿಜ್ಞಾನ ಬೇಕು, ಹೆಸರನ್ನು ಗಿಡಕ್ಕೆ ಹೊಂದಿಸಲು ಸಸ್ಯಜ್ಞಾನ ಬೇಕು. ಎರಡೂ ಒಬ್ಬರಲ್ಲಿಯೇ ಕೂಡಿದ್ದರಿಂದ ಇಂಥ ಗ್ರಂಥ ಸಾಧ್ಯವಾಯಿತು.

ಮದರಾಸಿನಲ್ಲಿದ್ದ ಕಾಲದಲ್ಲಿ ಅವರು ತಮಿಳನ್ನು ಕಲಿತು, ತಮಿಳು ಶಾಸನಗಳನ್ನೂ ಪ್ರಾಚೀನ ಸಾಹಿತ್ಯವನ್ನೂ ಅಭ್ಯಾಸ ಮಾಡಿದರು. ಕಾವ್ಯ ವ್ಯಾಕರಣಗಳ ಕಾಲವನ್ನು ನಿರ್ಧರಿಸುವಾಗ ಪರಂಪರೆಯ ಮಾತನ್ನು ಹಾಗೆಯೇ ನಂಬದೆ, ಕಾಲ ನಮೂದಾದ ಶಾಸನಗಳ ಸಾಕ್ಷ್ಯದೊಡನೆ ಹೋಲಿಸಿ ನೋಡಬೇಕೆಂಬುದು ಅವರ ನಿಲುವಾಗಿದ್ದಿತು. ತಮಿಳುನಾಡಿನ ಸಮಯಾಚಾರ್ಯರು, ಕಳಭ್ರರ ಕಾಲ, ತೊಲ್ಕಾಪ್ಪಿಯಂ ಎಂಬ ವ್ಯಾಕರಣದ ಕಾಲ ಇವುಗಳನ್ನು ಕುರಿತು 1970ರ ದಶಕದಲ್ಲಿ ಅವರು ಇಂಗ್ಲಿಷಿನಲ್ಲಿ ಲೇಖನಗಳನ್ನು ಪ್ರಕಟಿಸಿದರು. ಅವುಗಳಲ್ಲಿನ ತೀರ್ಮಾನಗಳನ್ನು ಎಲ್ಲ ವಿದ್ವಾಂಸರೂ ಒಪ್ಪಲಿಲ್ಲ. ತಮಿಳು ಸಾಹಿತ್ಯದ ಪ್ರಾಚೀನತೆಯನ್ನು ಎತ್ತಿಹಿಡಿಯುವವರಿಗೆ ಅವು ರುಚಿಸಲಿಲ್ಲ. ಮದರಾಸಿನಲ್ಲಿಯೇ ನೆಲಸಿ, ಅಲ್ಲಿಯೇ ಉದ್ಯೋಗದಲ್ಲಿದ್ದ ಹೊರನಾಡಿನ ಸಸ್ಯಶಾಸ್ತ್ರಜ್ಞನೊಬ್ಬನು ಇಂಥ ವಿಷಯಕ್ಕೆ ಕೈಹಾಕುವುದು ಸುಲಭದ ಕೆಲಸವಾಗಿರಲಿಲ್ಲ. ಮನಸ್ಸಿನ ಹಗುರಕ್ಕಾಗಿ ಮಾತ್ರ ಹವ್ಯಾಸವನ್ನು ಇಟ್ಟುಕೊಂಡವನು ಈ ತೊಂದರೆಯನ್ನು ತಂದುಕೊಳ್ಳುತ್ತಿರಲಿಲ್ಲ. ಪ್ರಯೋಗಶಾಲೆಯಲ್ಲಿ ಸಾಕ್ಷ್ಯವಿಲ್ಲದೆ ಒಂದು ಗೆರೆಯನ್ನೂ ಎಳೆಯದಿದ್ದವರು ಇತಿಹಾಸದಲ್ಲಿ ಬೇರೆ ನಿಯಮವನ್ನು ಪಾಲಿಸಲು ಒಪ್ಪಲಿಲ್ಲ. ಅವರ ತೀರ್ಮಾನಗಳ ವಿಷಯದಲ್ಲಿ ಭಿನ್ನಾಭಿಪ್ರಾಯವಿರಬಹುದು. ಆಧಾರವನ್ನು ಕೇಳುವ ಅವರ ರೀತಿ ಮಾತ್ರ ವಿಜ್ಞಾನಿಗೆ ತಕ್ಕದಾಗಿದ್ದಿತು.

ಇಷ್ಟೆಲ್ಲ ಬರೆಹದ ನಡುವೆ ಸಸ್ಯವಿಜ್ಞಾನ ಹಿಂದೆ ಬಿದ್ದಿತೇ ಎಂಬ ಪ್ರಶ್ನೆ ಏಳುವುದು ಸಹಜ. ಅವರ ಬಾಳಿನ ಕೊನೆಯ ದಶಕವೇ ಇದಕ್ಕೆ ಉತ್ತರವಾಗಿದೆ. ಅವರ ಕನ್ನಡ ಪುಸ್ತಕಗಳಲ್ಲಿ ಹೆಚ್ಚಿನವು ಹೊರಬಂದುದು 1970ರ ದಶಕದಲ್ಲಿ. ಇತಿಹಾಸದ ಲೇಖನಗಳು ಪ್ರಕಟವಾದುದೂ ಅದೇ ಕಾಲದಲ್ಲಿ. ಪ್ರೆಸಿಡೆನ್ಸಿ ಕಾಲೇಜಿನಿಂದ ನಿವೃತ್ತರಾದ ತರುವಾಯ ಅವರು ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಸಂದರ್ಶಕ ಪ್ರಾಧ್ಯಾಪಕರಾಗಿ ಸಸ್ಯಶಾಸ್ತ್ರದ ಕೆಲಸವನ್ನು ಮುಂದುವರಿಸಿದರು. ಕೆ.ವಿ. ಕೃಷ್ಣಮೂರ್ತಿಯವರೊಡನೆ ಅವರು ಇಂಗ್ಲಿಷಿನಲ್ಲಿ ರಚಿಸಿದ, ಹೂವಿನಿಂದ ಹಣ್ಣಿನವರೆಗಿನ ಬೆಳೆವಣಿಗೆಯನ್ನು ವಿವರಿಸುವ ಭ್ರೂಣಶಾಸ್ತ್ರದ ಗ್ರಂಥ 1980ರಲ್ಲಿ ಪ್ರಕಟವಾಯಿತು. ಯೌವನದಲ್ಲಿ ಆರ್ಕಿಡ್ ಕಾಯಿಯ ಸೀಳಿನಲ್ಲಿ ಕಾಣತೊಡಗಿದ ಭ್ರೂಣದ ರಹಸ್ಯವನ್ನು ಅವರು ಕೊನೆಯವರೆಗೂ ಕೈಬಿಟ್ಟಿರಲಿಲ್ಲ.

ಗಡಿಯಾರದ ಗಂಟೆಗಳನ್ನು ಸಮಪಾಲು ಮಾಡಿ, ಇಷ್ಟು ಪ್ರಯೋಗಶಾಲೆಗೆ, ಇಷ್ಟು ಹವ್ಯಾಸಕ್ಕೆ ಎಂದು ಹಂಚಿದುದರಿಂದ ಈ ಹೊಂದಾಣಿಕೆ ಉಂಟಾದುದಲ್ಲ. ಅವರ ವೃತ್ತಿ ಹವ್ಯಾಸಗಳಿಗೆ ಮೂಲವಾದುದು ಒಂದೇ ಗುಣ. ಅದು ಯಾವುದನ್ನೇ ಆದರೂ ಹತ್ತಿರದಿಂದ ನೋಡಬೇಕೆಂಬ ಹಂಬಲ. ಸೂಕ್ಷ್ಮದರ್ಶಕದ ಕೆಳಗಿನ ಕೋಶ, ಕಾಡಿನ ಹಾದಿಯ ಗಿಡ, ಸಭೆಯಲ್ಲಿ ಕುಳಿತ ಸಹೋದ್ಯೋಗಿ, ಕಲ್ಲಿನ ಮೇಲಿನ ಅಕ್ಷರ ಎಲ್ಲವನ್ನೂ ಅವರು ಒಂದೇ ಕಣ್ಣಿನಿಂದ ನೋಡಿದರು. ಹಾಗಿದ್ದರೂ ಒಂದರ ಭಾಷೆಯನ್ನು ಇನ್ನೊಂದರಲ್ಲಿ ಬೆರೆಸಲಿಲ್ಲ. ಸಂಶೋಧನ ಲೇಖನದಲ್ಲಿ ವಿನೋದಕ್ಕೆ ಎಡೆಗೊಡಲಿಲ್ಲ. ವಿನೋದದ ಪುಸ್ತಕದಲ್ಲಿ ಗಿಡದ ಹೆಸರನ್ನು ತಪ್ಪಾಗಿ ಬರೆಯಲಿಲ್ಲ. ಪ್ರಯೋಗಶಾಲೆ ಹವ್ಯಾಸಕ್ಕೆ ನಿಯಮವನ್ನು ಕಲಿಸಿತು. ಹವ್ಯಾಸವು ಪ್ರಯೋಗಶಾಲೆಯಲ್ಲಿ ಪಡೆದ ಜ್ಞಾನವನ್ನು ಜನರ ಬಳಿಗೆ ಒಯ್ದಿತು.

ವಿಜ್ಞಾನದಲ್ಲಿ ಯಾರ ಮಾತೂ ಕೊನೆಯ ಮಾತಲ್ಲ. ನಾಳಗಳಿಲ್ಲವೆಂದು ತಿಳಿಯಲಾಗಿದ್ದ ಸಾರ್ಕಾಂಡ್ರದಲ್ಲಿ ಅತ್ಯಂತ ಪ್ರಾಥಮಿಕ ರೂಪದ ನಾಳಗಳಿರುವುದನ್ನು ಅಮೆರಿಕದ ಸಸ್ಯಶಾಸ್ತ್ರಜ್ಞ ಶೆರ್ವಿನ್ ಕಾರ್ಲ್‌ಕ್ವಿಸ್ಟರು 1987ರಲ್ಲಿ ವರದಿಮಾಡಿದರು. ಹೂಬಿಡುವ ಸಸ್ಯಗಳ ವಂಶವೃಕ್ಷದಲ್ಲಿ ಮೊದಲಿಗೆ ಕವಲೊಡೆದುದು ಆಂಬೊರೆಲ್ಲ ಎಂಬ ಸಸ್ಯವೆಂಬುದನ್ನು 1999ರಲ್ಲಿ ನಡೆದ ಡಿ.ಎನ್.ಎ. ಅಧ್ಯಯನಗಳು ತೋರಿಸಿದುವು. ಅದರ ಅಂಡಕೋಶ ಮಡಿಸಿದ ಎಲೆಯಂತಿರದೆ ಬಟ್ಟಲಿನಂತಿರುವುದರಿಂದ, ಬೈಲಿ ಮತ್ತು ಸ್ವಾಮಿಯವರ ವಿಚಾರವೂ ಮರುಪರಿಶೀಲನೆಗೆ ಒಳಗಾಯಿತು. ಇದರಿಂದ ಅವರ ದುಡಿಮೆಯ ಬೆಲೆ ಕಡಿಮೆಯಾಗುವುದಿಲ್ಲ. ಅವರು ಕಂಡುದನ್ನು ಸ್ಪಷ್ಟವಾಗಿ ವರ್ಣಿಸಿ, ಚಿತ್ರಿಸಿ ಇಟ್ಟಿದ್ದರಿಂದಲೇ ಮುಂದಿನವರು ಅದನ್ನು ಪರೀಕ್ಷಿಸಿ ನೋಡಲು ಸಾಧ್ಯವಾಯಿತು. ಪರಂಪರೆಯ ಮಾತನ್ನು ಪರೀಕ್ಷಿಸದೆ ಒಪ್ಪದಿದ್ದ ವಿಜ್ಞಾನಿಗೆ, ತನ್ನ ಮಾತೂ ಹಾಗೆಯೇ ಪರೀಕ್ಷೆಗೆ ಒಳಗಾದುದು ನ್ಯಾಯವಾದ ಗೌರವವೇ ಸರಿ.

1980ರ ನವೆಂಬರ್ 2ರಂದು ಸ್ವಾಮಿಯವರು ನಿಧನರಾದರು. ಬರೆಯಬೇಕಾದುದು ಇನ್ನೂ ಬಹಳವಿದ್ದಿತು. ಬರೆದಿಟ್ಟುದರಲ್ಲಿ ಕೆಲವು ಅವರು ತೀರಿಕೊಂಡ ಮೇಲೆ ಪುಸ್ತಕಗಳಾಗಿ ಬಂದುವು. ಭ್ರೂಣಶಾಸ್ತ್ರವನ್ನು ಓದುವ ವಿದ್ಯಾರ್ಥಿ ಅವರ ಹೆಸರನ್ನು ಸಂಶೋಧನ ಲೇಖನಗಳಲ್ಲಿ ಕಾಣುತ್ತಾನೆ. ಸಸ್ಯಶಾಸ್ತ್ರದ ಗಂಧವೇ ಇಲ್ಲದ ಓದುಗನು ‘ಹಸುರು ಹೊನ್ನು’ವಿನ ಪುಟಗಳಲ್ಲಿ ಅವರನ್ನು ಕಂಡು ನಗುತ್ತಾನೆ, ಪುಸ್ತಕವನ್ನು ಮುಚ್ಚಿ ಹೊರಗೆ ಬಂದಾಗ ರಸ್ತೆಯ ಬದಿಯ ಮರದ ಹೆಸರೇನೆಂದು ಕೇಳತೊಡಗುತ್ತಾನೆ. ಹೆಸರನ್ನು ತಿಳಿದವನು ಮರವನ್ನು ಗಮನಿಸುತ್ತಾನೆ. ಗಮನಿಸಿದವನು ಅದನ್ನು ಸುಲಭವಾಗಿ ಕಡಿಯಲಾರನು. ಹೊಲಗಳೂ ತೋಪುಗಳೂ ಬಡಾವಣೆಗಳಾಗಿ ಮಾರ್ಪಟ್ಟಿರುವ ಈ ಕಾಲದಲ್ಲಿ ಇಂಥ ಕುತೂಹಲವನ್ನು ಉಳಿಸಿಕೊಳ್ಳುವುದು ಅಗತ್ಯ. ವಿಜ್ಞಾನವನ್ನು ವೃತ್ತಿಯಾಗಿ ಹಿಡಿಯುವ ತರುಣರು ತಮಗೆ ಪ್ರಿಯವಾದ ಹವ್ಯಾಸವನ್ನು ಬಿಡಬೇಕಾಗಿಲ್ಲ. ವೃತ್ತಿಯಲ್ಲಿ ತೋರುವ ಶ್ರದ್ಧೆಯನ್ನೇ ಅದರಲ್ಲಿಯೂ ತೋರಿದರೆ ಎರಡೂ ಬೆಳಗುತ್ತವೆ. ಸ್ವಾಮಿಯವರು ಬಾಳಿ ತೋರಿಸಿದ ಪಾಠ ಇದು.